ನಡು ಸೀಟಿನ ಬೆಲ್ಟ್

12 ಜೂನ್ 2006, ಸೋಮವಾರ

ಶೋರೂಮಿನಲ್ಲಿ ಹೊಸ ಗಾಡಿಯ ಡೆಲಿವರಿಗೆ ಮುಂಚಿನ ಚೆಕಿಂಗ್. ಮಾಮೂಲಿನಂತೆ ಹಾರ್ನ್, ಲೈಟ್, ವೈಪರ್, ಬೆಲ್ಟ್. ಆಮೇಲೆ ಓಡಿಸಿ ನೋಡುವಾಗ ರಿಂಗ್ ರೋಡಿನಲ್ಲಿ ಡ್ರೈವರ್ ಹನಮಂತ ಜೋರಾಗಿ ಬ್ರೇಕ್ ಹಾಕಿದ. ನಡು ಸೀಟಿನ ಎಡಗಡೆ ಕೂತಿದ್ದೆ. ಬೆಲ್ಟಿನ ಲಾಕ್ ತಾನಾಗಿಯೇ ಬಿಚ್ಚಿಕೊಂಡಿತು. ಹಣೆ ಮುಂದಿನ ಸೀಟಿಗೆ ಬಡಿಯಿತು.

“ಪೆಟ್ಟಾತೇನ್ರೀ ಮೇಡಂ?”

ಇಲ್ಲ ಎಂದೆ. ಇನ್ನೂ ನೋಯುತ್ತಿದೆ.

13 ಜೂನ್

ಅದೇ ಲೋಡಿನಲ್ಲಿ ಬಂದ ಒಂಬತ್ತು ಗಾಡಿಗಳನ್ನೂ ನೋಡಿದೆ. ಇನ್ನೊಂದರಲ್ಲೂ ಅದೇ ಲಾಕ್, ಅದೇ ತೊಂದರೆ. ಮ್ಯಾನೇಜರ್ ತಿರುಮಲೇಶ್ ಅವರಿಗೆ ಹೇಳಿದೆ.

“ಕಂಪನಿಗೆ ಮೇಲ್ ಹಾಕಿದೀನಿ ಉಮಾ. ಉತ್ತರ ಬರೋವರ್ಗೂ ಡೆಲಿವರಿ ನಿಲ್ಸೋಕಾಗಲ್ಲ. ಎರಡೂ ಗಾಡಿಯ ಚೆಕಿಂಗ್ ಶೀಟಿಗೆ ಸೈನ್ ಮಾಡಿ.”

ಮಾಡಲಿಲ್ಲ.

16 ಜೂನ್, ಶುಕ್ರವಾರ

ಮಾಡಿದೆ. ಎರಡೂ ಶೀಟಿಗೆ.

ಮೊದಲನೆಯದು ಶ್ರೀನಗರದ ಪಾಪಯ್ಯನವರ ಗಾಡಿ. ಹೆಂಡತಿ ಅಂಕಮ್ಮ, ಮೊಮ್ಮಗಳು ತೇಜಸ್ವಿನಿ, ಎಲ್ಲ ಬಂದಿದ್ದರು. ಮಗು ನೇರವಾಗಿ ನಡು ಸೀಟಿಗೆ ಹತ್ತಿತು. ಎಡಗಡೆಗೇ.

“ಆಂಟಿ, ನಾನೇ ಬೆಲ್ಟ್ ಹಾಕ್ಕೊಂಡೆ.”

“ಭಾನುವಾರ ಎಲ್ರೂ ತಲಕಾಡಿಗೆ ಹೋಗ್ತಿದೀವಿ ಮೇಡಂ,” ಎಂದು ಪಾಪಯ್ಯ ಮೈಸೂರ್ ಪಾಕ್ ಕೊಟ್ಟರು. ಪೇಪರಿನಲ್ಲಿ ಸುತ್ತಿಟ್ಟೆ.

17 ಜೂನ್, ಶನಿವಾರ

ಎರಡನೆಯ ಗಾಡಿಯೂ ಹೋಯಿತು. ಕಂಪನಿಯಿಂದ ಉತ್ತರ ಬಂತು: ಪರಿಶೀಲಿಸುತ್ತಿದ್ದೇವೆ. ಪಾಪಯ್ಯನವರಿಗೆ ಮೂರು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಅವರ ಅಡ್ರೆಸ್ ಮಾತ್ರ ಬರೆದುಕೊಂಡು ಬಂದೆ... ಇನ್ನೊಬ್ಬರದು ತೋಚಲೇ ಇಲ್ಲ.

18 ಜೂನ್, ಬೆಳಿಗ್ಗೆ 8.30, ಶ್ರೀನಗರ ಬಸ್ ಸ್ಟಾಪ್

ಬಿಟಿಎಂನ ಮನೆಯಿಂದ ಆಟೋದಲ್ಲಿ ಬಂದೆ. ಪಾಪಯ್ಯನವರು ಮನೆ ಮುಂದೆ ಊಟದ ಬುಟ್ಟಿ ಡಿಕ್ಕಿಗೆ ಇಡುತ್ತಿದ್ದರು. ಮಗು ಆಗಲೇ ಒಳಗಿತ್ತು. ಹೇಳಿದೆ.

“ಚೆಕ್ ಮಾಡಿ ಸೈನ್ ಹಾಕಿದ್ದು ನೀವೇ ತಾನೇ?”

“ಹೌದು ಸಾರ್. ತಪ್ಪು ಮಾಡಿದೆ.”

ಮಗುವನ್ನು ಇಳಿಸಿ ನಾನು ಕೂತೆ. ಬೆಲ್ಟ್ ಹಾಕಿಕೊಂಡು ಜೋರಾಗಿ ಜಗ್ಗಿದೆ. ಮೊದಲ ಸಲ ಹಿಡಿಯಿತು. ನಾನೇ ಸುಳ್ಳಿಯಾದೆ ಅನ್ನಿಸಿತು. ಎರಡನೆಯ ಸಲ ಬಿಚ್ಚಿಕೊಂಡಿತು. ಅಂಕಮ್ಮ ಮಗುವನ್ನು ಎತ್ತಿಕೊಂಡು ಮನೆಯೊಳಗೆ ಹೋದರು.

“ಇದನ್ನೇ ಬರ್ದುಕೊಡ್ತೀರಾ?” ಪಾಪಯ್ಯ ಕೇಳಿದರು.

ಬರೆದೆ. ಹೆಸರು, ತಾರೀಖು, ಸೈನ್.

“ನಾಳೆ ಇದನ್ನ ತಗೊಂಡು ಶೋರೂಮಿಗೆ ಬರ್ತೀನಿ. ನಿಮ್ ಕೆಲ್ಸದ ಗತಿ?”

ಗೊತ್ತಿಲ್ಲ ಎಂದೆ. ಎರಡನೆಯವರ ನಂಬರು ಆಫೀಸಿನ ಫೈಲಿನಲ್ಲಿದೆ. ಇವತ್ತು ಬೀಗ.

19 ಜೂನ್, 10.40

ಕ್ಯಾಬಿನ್ನಿನಲ್ಲಿ ಪಾಪಯ್ಯ, ತಿರುಮಲೇಶ್. ನಾನು ಬರೆದ ಕಾಗದ ಮೇಜಿನ ಮೇಲಿದೆ. ನನ್ನನ್ನು ಇನ್ನೂ ಕರೆದಿಲ್ಲ. ಫೈಲ್ ತೆಗೆದು ಎರಡನೆಯವರ ಮನೆಗೆ ಫೋನ್ ಮಾಡಿದೆ. ಹೆಂಗಸೊಬ್ಬರು ಎತ್ತಿದರು. ಯಜಮಾನರು ಬೆಳಿಗ್ಗೆಯೇ ಹಾಸನಕ್ಕೆ ಹೊರಟರಂತೆ. ಹೊಸ ಗಾಡಿಯಲ್ಲೇ. ಮಕ್ಕಳೂ ಜೊತೆಗೆ. ಮೊಬೈಲ್ ನಂಬರ್ ಹೇಳುತ್ತಿದ್ದಾರೆ, ಇಲ್ಲೇ ಬರೆದುಕೊಳ್ಳುತ್ತೇನೆ— 98