ನಾಲ್ಕನೆಯ ಗಂಟೆಯನ್ನು ತೆಗೆದವರು ಯಾರು?

ಬೆಂಚಿನ ಮೇಲೆ ಬೆನ್ನು ಬಾಗಿ ಕೂತ ಮಹಾಜನಗಳೇ, ಟೋಕನ್ ಹಿಡಿದು ತೂಕಡಿಸುತ್ತಿರುವ ಪುಣ್ಯಾತ್ಮರೇ, ಸಲೈನ್ ಸ್ಟ್ಯಾಂಡ್ ತಳ್ಳಿಕೊಂಡು ವರಾಂಡದಲ್ಲಿ ವಾಯುವಿಹಾರ ಮಾಡುತ್ತಿರುವ ಗಣ್ಯರೇ, ಒಂದು ನಿಮಿಷ ಇತ್ತ ಕಿವಿಗೊಡಬೇಕು. ಈ ಕಾಗದ ನಿಮಗಲ್ಲ. ಇದು ಯಾರಿಗೆ ಹೋಗಬೇಕೋ ಅವರು ಬಾಗಿಲು ಹಾಕಿಕೊಂಡು ಕೂರುವವರು. ನಾಳೆ ಕಾಗದವೇ ಬಂದಿಲ್ಲ ಎಂದಾರು, ಸಾಕ್ಷಿಗೆ ನೀವಿರಲಿ ಎಂದು ಕರೆದೆ.

ಆಸ್ಪತ್ರೆಯ ಆಡಳಿತ ಮಂಡಳಿಯ ಅಧ್ಯಕ್ಷರೇ,

ನಿಮ್ಮ ಮಂಡಳಿ ನನ್ನ ಅಕ್ಕನ ಚಿಕಿತ್ಸೆಯಿಂದ ಒಂದು ಗಂಟೆಯನ್ನು ಕಿತ್ತುಕೊಂಡಿದೆ. ಒಂದು ಸಲವಲ್ಲ, ವಾರಕ್ಕೆ ಮೂರು ಸಲ, ನಾಲ್ಕು ತಿಂಗಳಿಂದ. ಯಾಕೆ ಕಿತ್ತುಕೊಂಡಿತು, ಯಾರ ಮಾತು ಕೇಳಿ ಕಿತ್ತುಕೊಂಡಿತು ಎಂದು ಇವತ್ತಿನವರೆಗೆ ಯಾರೂ ಹೇಳಿಲ್ಲ. ದೂರು ಇಷ್ಟೇ. ಮುಂದಿನದೆಲ್ಲ ವಿವರ.

ಅಕ್ಕ ದರ್ಜಿ. ಶಾಲೆಯ ಸಮವಸ್ತ್ರ ಹೊಲಿದು ಹೊಲಿದು ಅರ್ಧ ಊರಿನ ಭುಜದ ಅಳತೆ ಅವಳಿಗೆ ಬಾಯಿಪಾಠ. ಎರಡೂ ಕಿಡ್ನಿ ಕೈಕೊಟ್ಟು ಆರು ವರ್ಷವಾಯಿತು. ನಿಮ್ಮ ಆಸ್ಪತ್ರೆಯ ನೆಲಮಹಡಿಯ ಡಯಾಲಿಸಿಸ್ ಕೋಣೆಯಲ್ಲಿ, ಗೋಡೆಯಿಂದ ಎರಡನೆಯ ಕುರ್ಚಿ ಅವಳದು. ಅಲ್ಲಿ ಯಂತ್ರ ಅವಳ ರಕ್ತವನ್ನು ಹೊರಗೆಳೆದು, ತೊಳೆದು, ಮೈಯಲ್ಲಿ ನಿಂತ ನೀರನ್ನು ತೆಗೆದು ವಾಪಸು ಕೊಡುತ್ತದೆ. ಅದಕ್ಕೆ ನಾಲ್ಕು ಗಂಟೆ ಬೇಕು. ಬೇಕು ಎಂದವನು ನಾನಲ್ಲ. ನಿಮ್ಮದೇ ಕಿಡ್ನಿ ಡಾಕ್ಟರು ಅವಳ ಕಾರ್ಡಿನ ಮೇಲೆ ಸ್ವಂತ ಕೈಯಲ್ಲಿ ಬರೆದಿದ್ದಾರೆ. ಆದರೆ ನಾಲ್ಕು ತಿಂಗಳ ಹಿಂದೆ ಒಂದು ಸೋಮವಾರ, ಮೂರೇ ಗಂಟೆ ಓಡಿ ಯಂತ್ರ ನಿಂತಿತು.

"ಏನಮ್ಮಾ, ಕರೆಂಟ್ ಹೋಯ್ತಾ?" ಎಂದಳು ಅಕ್ಕ.

"ಇಲ್ಲ ಅಕ್ಕ, ಇವತ್ತಿಂದ ಮೂರೇ ಗಂಟೆ. ಮೇಲಿಂದ ಆರ್ಡರ್ ಬಂದಿದೆ," ಎಂದರು ನರ್ಸು.

"ಮೇಲಿಂದ ಅಂದ್ರೆ? ಮೇಲಿನ ಮಹಡಿಯವರೋ, ಅದಕ್ಕೂ ಮೇಲಿರೋನೋ?"

"ನನ್ನನ್ನ ಕೇಳ್ಬೇಡಿ. ಸೂಜಿ ಚುಚ್ಚು ಅಂದ್ರೆ ಚುಚ್ತೀನಿ, ತೆಗಿ ಅಂದ್ರೆ ತೆಗೀತೀನಿ."

ಪಕ್ಕದ ಕುರ್ಚಿಯಲ್ಲಿ ನಿವೃತ್ತ ಲಿಫ್ಟ್ ಆಪರೇಟರ್ ಒಬ್ಬರಿದ್ದರು. ಕೋಣೆಗೆಲ್ಲ ಅವರು ಲಿಫ್ಟಣ್ಣ. "ಸುಮ್ನಿರಮ್ಮಾ ತಂಗಿ," ಎಂದರಂತೆ. "ಮೂವತ್ತೈದು ವರ್ಷ ದೊಡ್ಡೋರನ್ನೆಲ್ಲ ನಾನೇ ಮೇಲೆ ಕಳಿಸಿದೀನಿ. ಕೆಳಗೆ ಬಂದು ಕಾರಣ ಹೇಳಿದವರು ಒಬ್ಬರೂ ಇಲ್ಲ."

ಕೋಣೆಯ ಬಾಗಿಲಿಗೆ ಒಂದು ಪ್ರಕಟಣೆ ಅಂಟಿಸಲಾಗಿತ್ತು. 'ಆಡಳಿತ ಮಂಡಳಿಯು ಕೂಲಂಕಷವಾಗಿ ಪರಿಶೀಲಿಸಿ, ಸುದೀರ್ಘವಾಗಿ ಚರ್ಚಿಸಿ, ಸರ್ವಾನುಮತದಿಂದ ಕೈಗೊಂಡ ನಿರ್ಣಯದಂತೆ ಡಯಾಲಿಸಿಸ್ ಅವಧಿಯನ್ನು ಮರುಹೊಂದಿಸಲಾಗಿದೆ.' ಎಂಥ ಗಾಂಭೀರ್ಯ, ಎಂಥ ಔದಾರ್ಯ! ನಾಲ್ಕನ್ನು ಮೂರು ಮಾಡುವುದಕ್ಕೆ ಮರುಹೊಂದಿಸುವುದು ಎನ್ನಬಹುದಾದರೆ, ನಾಳೆ ಮೂರನ್ನು ಸೊನ್ನೆ ಮಾಡಿ ಪರಿಪೂರ್ಣಗೊಳಿಸಲಾಗಿದೆ ಎನ್ನಲೂಬಹುದು. ಪರಿಶೀಲಿಸಿದ ಕಾಗದ ಯಾವುದು? ಚರ್ಚಿಸಿದ ಬಾಯಿಗಳು ಯಾರವು? ಸರ್ವಾನುಮತದ ಆ 'ಸರ್ವ'ದಲ್ಲಿ, ಕೈಗೆ ಎರಡು ಸೂಜಿ ಚುಚ್ಚಿಸಿಕೊಂಡು ಕೂತವರು ಒಬ್ಬರಾದರೂ ಇದ್ದರೇ?

ಅಕ್ಕ ಸುಮ್ಮನೆ ಕೂರುವವಳಲ್ಲ. ವಿಚಾರಣೆಯ ಕಿಟಕಿಗೆ ಹೋದಳು. ಅವರು ಸೂಪರಿಂಟೆಂಡೆಂಟರ ಕಚೇರಿ ತೋರಿಸಿದರು. ಸೂಪರಿಂಟೆಂಡೆಂಟರು ಮಂಡಳಿಯ ಕಡೆ ಬೆರಳು ತೋರಿಸಿದರು. ಮಂಡಳಿಯ ಬಾಗಿಲು ಅವಳಿಗೆ ಅದರ ಹಿತ್ತಾಳೆಯ ಹಿಡಿಕೆಯನ್ನಷ್ಟೇ ತೋರಿಸಿತು. ಮತ್ತೆ ಕೆಳಗಿಳಿದು ಬಂದು, ಸಭೆಯ ನಡಾವಳಿಯ ನಕಲು ಕೊಡಿ ಎಂದು ಕಿಟಕಿಯಲ್ಲಿ ಕೇಳಿದಳು.

"ಅದೆಲ್ಲ ಗೌಪ್ಯ ಕಣಮ್ಮಾ," ಎಂದರು ಕಿಟಕಿಯವರು.

"ಅಲ್ಲಪ್ಪಾ, ನನ್ನ ರಕ್ತ ಪೈಪಿನಲ್ಲಿ ದಾರೀಲಿ ಹೋಗೋರಿಗೆಲ್ಲ ಕಾಣೋ ಹಾಗೆ ಓಡುತ್ತೆ. ನಿಮ್ಮ ಕಾಗದಕ್ಕೆ ಯಾಕಿಷ್ಟು ನಾಚಿಕೆ?"

ಕಿಟಕಿಯವರು ನಕ್ಕರಂತೆ. ನಕ್ಕು, ಊಟದ ವೇಳೆ ಎಂಬ ಫಲಕವನ್ನು ತಿರುಗಿಸಿಟ್ಟರಂತೆ.

ಕಿಡ್ನಿ ಡಾಕ್ಟರು ಕೂಡ ನಿಮಗೆ ಪತ್ರ ಬರೆದರು. 'ಮಂಡಳಿಯು ಎಲ್ಲ ಅಂಶಗಳನ್ನೂ ಪರಿಗಣಿಸಿದೆ' ಎಂಬ ಒಂದೇ ಸಾಲಿನ ಉತ್ತರ ಬಂತು. "ಅವರ ಹತ್ರ ಏನೋ ಅಂಕಿಅಂಶ ಇರಬೇಕಮ್ಮಾ, ನನಗೆ ತೋರಿಸಿಲ್ಲ," ಎಂದು ಅವರು ಅಕ್ಕನ ಮುಖ ನೋಡದೆ ಹೇಳಿದರು. ಡಾಕ್ಟರು ಒಪ್ಪಿರಬೇಕು ಎಂದು ನರ್ಸು ತಿಳಿದರು. ಮಂಡಳಿಗೆ ಏನೋ ಗೊತ್ತಿರಬೇಕು ಎಂದು ಡಾಕ್ಟರು ತಿಳಿದರು. ನೋಡಿ ಮಾನ್ಯರೇ, ಮುಚ್ಚಿದ ಬಾಗಿಲಿನ ಮಹಿಮೆ! ಒಳಗೆ ವಿವೇಕವಿದೆ ಎಂದು ಹೊರಗಿನವರೆಲ್ಲ ನಂಬುತ್ತಾರೆ. ಬಾಗಿಲು ದಪ್ಪವಾದಷ್ಟೂ ನಂಬಿಕೆ ದಪ್ಪ.

ಅಕ್ಕನ ಹತ್ತಿರವೂ ಅಂಕಿಅಂಶವಿದೆ. ಅವಳು ನಿಮ್ಮ ಹಾಗಲ್ಲ, ತೋರಿಸುತ್ತಾಳೆ. ದಿನಾ ಬೆಳಿಗ್ಗೆ ಕಣಕಾಲಿಗೆ ಟೇಪು ಸುತ್ತಿ, ಅಳತೆಯನ್ನು ಹೊಲಿಗೆ ಯಂತ್ರದ ಮಗ್ಗುಲಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾಳೆ. ಮೊದಲು ಎಂಟೂವರೆ ಇಂಚು. ಎರಡನೇ ತಿಂಗಳಿಗೆ ಒಂಬತ್ತು ಕಾಲು. ಮೊನ್ನೆ ಹತ್ತು ಮುಕ್ಕಾಲು. "ಇನ್ನು ಸ್ವಲ್ಪ ದಿನ ಹೋದ್ರೆ ಕಾಲಿಗೂ ಎರಡು ಪ್ಲೀಟ್ ಇಟ್ಟು ಹೊಲೀಬೇಕು ಕಣೋ," ಎಂದು ನನ್ನ ಮುಂದೆ ನಕ್ಕಳು. ನಗು ಮುಗಿಸಲು ಉಸಿರು ಸಾಲಲಿಲ್ಲ. ಮಲಗಿದರೆ ಎದೆ ಬಿಗಿಯುತ್ತದೆ ಎಂದು ಈಗ ಕುರ್ಚಿಯಲ್ಲೇ ಕೂತು ಕಣ್ಣು ಮುಚ್ಚುತ್ತಾಳೆ. ನಾಲ್ಕು ಗಂಟೆಯಲ್ಲಿ ತೆಗೆಯುವ ನೀರನ್ನು ಯಂತ್ರ ಮೂರರಲ್ಲೇ ಎಳೆಯಹೋದರೆ ಕಾಲಿನ ಸ್ನಾಯು ಹಿಡಿದು ಕಿರುಚುತ್ತಾಳೆ. ಎಳೆಯದೆ ಬಿಟ್ಟರೆ ನೀರು ಒಳಗೇ ನಿಂತು ಉಸಿರು ಕಟ್ಟುತ್ತದೆ. ಕಿರುಚಾಟವೋ ಏದುಸಿರೋ, ಆಯ್ಕೆಯನ್ನು ಮಾತ್ರ ನೀವು ಉದಾರವಾಗಿ ರೋಗಿಗೇ ಬಿಟ್ಟಿದ್ದೀರಿ.

ಏಳನೆಯ ವಾರ ಲಿಫ್ಟಣ್ಣನ ಕುರ್ಚಿ ಖಾಲಿಯಾಯಿತು. ಹೃದಯ ನಿಂತಿತು ಎಂದು ಬರೆದುಕೊಟ್ಟರು. ಯಾರ ಹೃದಯ ನಿಲ್ಲದೆ ಸಾವು ಬಂದಿದೆ? ಆ ಒಂದು ಗಂಟೆಯೇ ಕಾರಣ ಎಂದು ನಾನು ಹೇಳಲಾರೆ. ಅಲ್ಲ ಎಂದು ನೀವು ಹೇಳಬಲ್ಲಿರಾ? ಹೇಳುವುದಾದರೆ ಯಾವ ಕಾಗದ ನೋಡಿ? ಅವರ ಕುರ್ಚಿಗೆ ಮಾರನೆಯ ದಿನವೇ ಹೊಸಬರು ಬಂದರು. ಅವರಿಗೆ ಮೊದಲು ನಾಲ್ಕು ಗಂಟೆ ಇತ್ತೆಂಬುದೇ ಗೊತ್ತಿಲ್ಲ. ಗೊತ್ತಿಲ್ಲದವರು ದೂರುವುದಿಲ್ಲ, ಇದಕ್ಕಿಂತ ಅಗ್ಗದ ಶಾಂತಿ ಎಲ್ಲಿ ಸಿಗುತ್ತದೆ?

ಸಭೆ ಗೌಪ್ಯವಾಗಿದ್ದರೆ ಸದಸ್ಯರು ಮುಕ್ತವಾಗಿ ಮಾತಾಡುತ್ತಾರೆ ಎಂಬುದು ನಿಮ್ಮ ಕಡೆಯ ಹಳೆಯ ವಾದ. ರೋಗಿಯ ಗುಟ್ಟು ಕಾಯಲು ಬಾಗಿಲು ಬೇಕು, ಒಪ್ಪಿದೆ. ನಿಮ್ಮ ಗುಟ್ಟು ಕಾಯಬೇಕಾದಂಥ ಯಾವ ಕಾಯಿಲೆ ನಿಮಗೆ? ನಮ್ಮ ಮೂತ್ರದ ಪ್ರಮಾಣ, ಮಲದ ಬಣ್ಣ, ಮನೆಯ ಇತಿಹಾಸ ಎಲ್ಲವನ್ನೂ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಕೇಳುತ್ತೀರಿ. ನಾವು ಒಂದು ಮಾತು ಕೇಳಿದರೆ ಗೌಪ್ಯ! ರೋಗಿಗೆ ದಿನವೂ ತಪಾಸಣೆ, ಮಂಡಳಿಯದು ಬರೀ ಪ್ರಕಟಣೆ. ಒಂದು ಮಾತ್ರೆಯ ಪಟ್ಟಿಯ ಮೇಲೂ ತಯಾರಿಸಿದ ದಿನ, ಕೆಡುವ ದಿನ, ಒಳಗಿರುವ ಮದ್ದು ಎಲ್ಲ ಅಚ್ಚಾಗಿರುತ್ತದೆ. ನೂರು ಜನರ ರಕ್ತವನ್ನು ಆಳುವ ನಿಮ್ಮ ನಿರ್ಣಯದ ಮೇಲೆ ಸಭೆಯ ತಾರೀಖು ಕೂಡ ಇಲ್ಲ.

ಆದ್ದರಿಂದ ನನ್ನ ಒತ್ತಾಯ. ಅಕ್ಕನಿಗೂ ಆ ಕೋಣೆಯ ಎಲ್ಲರಿಗೂ ನಾಲ್ಕನೆಯ ಗಂಟೆ ನಾಳೆಯಿಂದಲೇ ವಾಪಸು ಬರಬೇಕು. ಮುಂದಿನ ಸಭೆಗಲ್ಲ, ನಾಳೆಗೆ. ಆ ಸಭೆಯ ನಡಾವಳಿಯನ್ನು, ಯಾರು ಬಂದಿದ್ದರು, ಯಾರು ಏನು ಹೇಳಿದರು, ಯಾವ ಡಾಕ್ಟರ ಅಭಿಪ್ರಾಯ ಪಡೆದಿರಿ ಎಂಬುದರ ಸಮೇತ ಎಲ್ಲರಿಗೂ ಕಾಣುವಲ್ಲಿ ಹಾಕಬೇಕು. ಇನ್ನು ಮುಂದೆ ಚಿಕಿತ್ಸೆಯನ್ನು ಬದಲಿಸುವ ಯಾವ ವಿಷಯವೇ ಬರಲಿ, ಮೊದಲೇ ಪ್ರಕಟಿಸಿ, ಬಾಗಿಲು ತೆರೆದು, ರೋಗಿಗಳ ಕಡೆಯವರನ್ನು ಕೂರಿಸಿಕೊಂಡು ಮಾತಾಡಬೇಕು. ಆ ಸುದೀರ್ಘ ಚರ್ಚೆಯಲ್ಲಿ ಒಬ್ಬರಾದರೂ ಬೇಡ ಎಂದಿದ್ದರೇ, ಅವರ ಹೆಸರು ತಿಳಿಯುವ ಹಕ್ಕು ನಮಗಿಲ್ಲವೇ, ಮಾನ್ಯರೇ, ಒಬ್ಬ ಸಾಮಾನ್ಯ ಪ್ರಜೆಯಾಗಿ, ಏನೂ ಅರಿಯದವನಾಗಿ ನಾನು ಕೇಳುವುದು

ಬೇಡ. ನನಗೆ ಎಲ್ಲ ಗೊತ್ತು. ಆ ನಡಾವಳಿ ಬರೆದವನು ನಾನೇ.

ಹದಿನೇಳು ವರ್ಷದಿಂದ ನಿಮ್ಮ ಮಂಡಳಿಯ ಗುಮಾಸ್ತ ನಾನು. ನಮ್ಮ ರೂಢಿ ನಿಮಗೆ ಗೊತ್ತೇ ಇದೆ: ಸಭೆಯ ನಡಾವಳಿ ಸಭೆಯ ಹಿಂದಿನ ದಿನವೇ ಟೈಪಾಗಿರಬೇಕು, ಸದಸ್ಯರು ಎದ್ದು ಹೋಗುವ ಮುಂಚೆ ಸಹಿ ಬೀಳಬೇಕು. ಇಷ್ಟು ವರ್ಷದಲ್ಲಿ ಬೇಡ ಎನಿಸಿಕೊಂಡ ವಿಷಯ ಒಂದೂ ಇಲ್ಲ. ಪ್ರತಿಯೊಂದರ ಮುಂದೆಯೂ 'ಅಂಗೀಕರಿಸಲಾಯಿತು' ಎಂದು ಹೊಡೆಯುವುದು ನನ್ನ ಬೆರಳಿನ ಅಭ್ಯಾಸ. ಹನ್ನೊಂದನೆಯ ವಿಷಯ ಇದ್ದದ್ದು, ಮೂರು ಗಂಟೆಗೆ ಇಳಿಸಬಹುದೇ ಎಂದು ಕಿಡ್ನಿ ಡಾಕ್ಟರನ್ನು ಕೇಳುವುದು, ಎಂದು. ಟೈಪು ಮಾಡುವಾಗ ನಾನು ಡಾಕ್ಟರನ್ನು ಕೇಳುವ ಮಾತನ್ನು ಬಿಟ್ಟು, 'ಮೂರು ಗಂಟೆಗೆ ಇಳಿಸುವುದು, ಅಂಗೀಕರಿಸಲಾಯಿತು' ಎಂದು ಹೊಡೆದುಬಿಟ್ಟೆ. ಸಭೆ ಆರನೆಯ ವಿಷಯಕ್ಕೇ ಎದ್ದಿತು, ನಿಮಗೆ ಎಲ್ಲೋ ಉದ್ಘಾಟನೆ ಇತ್ತು. ಒಂಬತ್ತು ಜನ ಸಹಿ ಹಾಕಿದಿರಿ. ಹನ್ನೊಂದನೆಯದನ್ನು ಯಾರೂ ಓದಲಿಲ್ಲ, ಯಾರೂ ಮಾತಾಡಲಿಲ್ಲ. ಈ ನಿರ್ಣಯವನ್ನು ಯಾರೂ ಕೈಗೊಳ್ಳಲೇ ಇಲ್ಲ.

ಅಕ್ಕನ ಕಾಲು ಊದಿದಾಗ ತಿದ್ದೋಣ ಎಂದು ನಿಮ್ಮ ಬಳಿ ಬಂದೆ. "ಈಗ ತಿದ್ದಿದ್ರೆ ನಾವು ಓದದೆ ಸಹಿ ಹಾಕ್ತೀವಿ ಅಂತ ಆಗುತ್ತಲ್ಲಪ್ಪಾ. ಮುಂದಿನ ಸಭೆಗೆ ಇಡು," ಎಂದಿರಿ. ಮುಂದಿನ ಸಭೆಯನ್ನು ಇನ್ನೂ ಕರೆದಿಲ್ಲ. ನಾನು ಕೆಲಸ ಉಳಿಸಿಕೊಂಡು ಬಾಯಿ ಮುಚ್ಚಿಕೊಂಡೆ. ಲಿಫ್ಟಣ್ಣನ ಮನೆಗೆ ಹೋಗಿ ಕೈ ಮುಗಿದು ಬಂದೆ, ಅಲ್ಲೂ ಬಾಯಿ ಬಿಡಲಿಲ್ಲ.

ಮೊದಲು ನನ್ನನ್ನೇ ಕೇಳಿದ ಅಕ್ಕನಿಗೂ ಗೌಪ್ಯ ಎಂದಿದ್ದೆ, ನಿಜ ಇನ್ನೂ ಹೇಳಿಲ್ಲ. ಈ ಕಾಗದವನ್ನು ಮೊದಲು ಅವಳಿಗೆ ಓದಿ ಹೇಳಿ, ಆಮೇಲೆ ಪತ್ರಿಕೆಗೆ ಕಳಿಸುತ್ತೇನೆ.

ಇಂತಿ,
ನೀವು ಓದದೆ ಸಹಿ ಹಾಕಿದ್ದನ್ನು
ಯೋಚಿಸದೆ ಟೈಪು ಮಾಡಿದ
ನಿಮ್ಮ ಗುಮಾಸ್ತ, ಅವಳ ತಮ್ಮ