ಜೋಡಿ ಎಲೆಯ ಕರಂಟ್ ಗಿಡ

ಗೌತಮಿ,

ನೀನೀಗ ಇರುವ ವಿಲೆಟನ್‌ನ ವಿಳಾಸ ನನ್ನ ಬಳಿ ಇದೆ. ಆದರೂ ಇದನ್ನು ಕಳಿಸುವುದಿಲ್ಲ. ಇಲ್ಲಿ ಬ್ಲೇರ್ ಅಥಾಲ್‌ನ ನನ್ನ ಮನೆಗೆ ಬಂದು, ಕೆಸರಿನ ಬೂಟು ಬಿಚ್ಚುವುದಕ್ಕೂ ಬೇಸರವಾಗಿ ಹೊಸ್ತಿಲಲ್ಲೇ ಕೂತು ಬರೆಯುತ್ತಿದ್ದೇನೆ.

ನಮ್ಮ ಕನ್ನಡ ಸಂಘದ ತಂಡ ಇವತ್ತು ಮತ್ತೆ ಆ ಜೌಗಿಗೆ ಕಳೆ ಕೀಳಲು ಹೋಗಿತ್ತು. ಎರಡು ವರ್ಷದ ಹಿಂದೆ ನೀನು ಅಲ್ಲೊಂದು ಗಿಡಕ್ಕೆ ಗುಲಾಬಿ ಟೇಪು ಕಟ್ಟಿ, "ಕಡೀಬೇಡಿ, ಇದು ಈ ನೆಲದ್ದೇ ಕಾಡು ಕರಂಟ್. ಮುಳ್ಳು ನೋಡ್ಬೇಡಿ, ಎಲೆ ನೋಡಿ, ಜೋಡಿ ಜೋಡಿಯಾಗಿದೆ, ಕಳೆಗಾದ್ರೆ ಒಂಟಿ ಎಲೆ" ಎಂದಿದ್ದೆ. ಮುಳ್ಳು, ಕೆಂಪು ಹಣ್ಣು ಎರಡೂ ಇವೆಯಲ್ಲ, ಕಳೆಯೇ ಎಂದು ನಾನು ಹಟ ಹಿಡಿದೆ. "ಮೂರು ವೀಡಿಯೊ ನೋಡಿ ಬಾಟನಿ ಪಾಠ ಹೇಳ್ತಿದ್ದಾಳೆ ನೋಡ್ರಪ್ಪಾ" ಎಂದು ಎಲ್ಲರೆದುರು ನಗಾಡಿ, ನಿನ್ನ ಟೇಪು ಬಿಚ್ಚಿ, ಬುಡಕ್ಕೇ ಗರಗಸ ಇಟ್ಟೆ. ನೀನು ಕೈಗವಸು ಕಳಚಿ ಬಕೆಟ್ಟಿಗೆ ಹಾಕಿದೆ. ಆಮೇಲೆ ಬರಲಿಲ್ಲ.

ಕಳೆ ಕಡಿದರೆ ಬುಡಕ್ಕೆ ಔಷಧಿ ಬಳಿಯಬೇಕು. ಅವತ್ತಿನ ಆವೇಶದಲ್ಲಿ ನಾನು ಮರೆತಿದ್ದೆ. ಹಾಗಾಗಿ ಗಿಡ ಚಿಗುರಿದೆ, ನನ್ನ ಮೊಣಕಾಲಿನೆತ್ತರ. ಒಂದೊಂದು ಕೊಂಬೆಯನ್ನೂ ಹಿಡಿದು ನೋಡಿದೆ. ಎಲ್ಲ ಎಲೆಗಳೂ ಎದುರುಬದುರು, ಎರಡೆರಡು.

ಉಳಿಸಬೇಕಾದ ಗಿಡದ ಟೇಪಿನ ಮೇಲೆ ಗುರುತು ಹಿಡಿದವರ ಹೆಸರು ಬರೆಯುತ್ತೇವಲ್ಲ, ನಿನ್ನ ಹೆಸರು ಬರೆದು ಕಟ್ಟಿದೆ. ಹೊಸದಾಗಿ ಸೇರಿದ ಭಾವನಾ ಅದನ್ನು ಓದಿ, "ಗೌತಮಿ ಯಾರು ಅಂಕಲ್? ಇವತ್ತು ಮಧ್ಯಾಹ್ನ ಬಂದಿದ್ರಾ?" ಎಂದು ಕೇಳಿದಳು.

"ಈಗಷ್ಟೇ ಹೋದ್ರು ಕಣಮ್ಮಾ" ಎಂದುಬಿಟ್ಟೆ.