ಒಲಿ ಮ್ಯಾಲ ರೊಟ್ಟಿ ಅದ, ಇಡ್ತೀನಿ

೩ ನವೆಂಬರ್ ೨೦೨೫, ಸೋಮವಾರ. ಸಂಜೆ

ಇದನ್ನು ಬರೆಯದೇ ಬಿಡುವವಳಿದ್ದೆ. ಬರೆಯದಿದ್ದರೆ ಆಗಿಲ್ಲ ಎಂದೇ ಆಗುತ್ತದೆ — ಹಾಗೊಂದು ಸಮಾಧಾನ. ಚಹಾ ಮಾಡಿದೆ. ಬದನೆಕಾಯಿ ಹೆಚ್ಚಿದೆ. ನಾಳೆಯ ಪಾಠ ತೆಗೆದು ಮುಚ್ಚಿಟ್ಟೆ. ಉಪಯೋಗವಾಗಲಿಲ್ಲ. ಬರೆಯುತ್ತೇನೆ.

ಮೂರನೇ ಪೀರಿಯಡ್ ಫ್ರೀ ಇತ್ತು. ಸ್ಟಾಫ್ ರೂಮಿನಲ್ಲಿ ನಾನೊಬ್ಬಳೇ. ಎದುರಿಗೆ ನಾಗವೇಣಿ ಕೇಳಿದ ಆಡಿಯೊದ ಕರಡು. ನಾಗವೇಣಿ ನನ್ನ ಹಳೇ ವಿದ್ಯಾರ್ಥಿನಿ, ಈಗ ದೇವದುರ್ಗದಲ್ಲಿ ಮಹಿಳಾ ಸಂಘ ನಡೆಸುತ್ತಾಳೆ. ಸಂಘದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ದೇವದುರ್ಗ, ಮಾನ್ವಿ, ರಾಯಚೂರಿನ ಹೆಂಗಸರಿದ್ದಾರೆ. ಮೋಸದ ಫೋನ್ ಗುರುತಿಸುವುದು ಹೇಗೆ ಅಂತ ಅವರಿಗೆ ಹೇಳಬೇಕು. “ನೀವು ಬಿಡಿಸಿ ಬಿಡಿಸಿ ಚಂದ ಹೇಳ್ತೀರಿ ಮೇಡಂ” ಅಂದಿದ್ದಳು. ಉಬ್ಬಿದ್ದೆ.

ಪಾರ್ಸಲ್ ಮೋಸದ ಬಗ್ಗೆ ಬರೆಯುತ್ತಿದ್ದೆ. ಆಗಲೇ ಫೋನ್. ಅರ್ಧ ಹಿಂದಿ, ಅರ್ಧ ಇಂಗ್ಲಿಷ್. ನನ್ನ ಹೆಸರಿನ ಪಾರ್ಸಲ್ ಹಿಡಿದಿದ್ದಾರಂತೆ. ಒಳಗೆ ಮಾದಕ ವಸ್ತುವಂತೆ. ಪೊಲೀಸ್ ಆಫೀಸರ್ ಮಾತಾಡುತ್ತಾರೆ, ಲೈನಿನಲ್ಲೇ ಇರಬೇಕಂತೆ.

ಗೊತ್ತಾಯಿತು. ಮೊದಲ ಮಾತಿಗೇ ಗೊತ್ತಾಯಿತು. ನನ್ನ ಪೆನ್ನು ಅದೇ ಸಾಲಿನ ಮೇಲಿತ್ತು.

ಆದರೂ ಇಡಲಿಲ್ಲ.

ಹೆದರಿಕೆಯಿಂದಲ್ಲ — ಅದೇ ವಿಚಿತ್ರ. ಎದುರಿನವರು ಮಾತಾಡುತ್ತಿರುವಾಗ ಫೋನ್ ಇಡಲು ಕೈ ಬರಲಿಲ್ಲ. “ಸರ್, ಮೇ ಐ ಕಟ್ ದ ಕಾಲ್?” ಅಂದೆ. “ನೋ” ಅಂದ. “ಓಕೆ ಸರ್, ಸಾರಿ” ಅಂದೆ! ಅಪ್ಪನ ಹೆಸರು ಕೇಳಿದ, ಹೇಳಿದೆ. ಹುಟ್ಟಿದ ತಾರೀಖು ಕೇಳಿದ, ಅದನ್ನೂ ಹೇಳಿದೆ. ಬ್ಯಾಂಕಿನ ಹೆಸರು ಕೇಳುವ ಹೊತ್ತಿಗೆ ಬ್ಯಾಟರಿ ಸತ್ತಿತು. ಕೊನೆಗೆ ನಾನು ಹೇಳಿದ ಮಾತು — “ಥ್ಯಾಂಕ್ ಯೂ ಸರ್.”

ನನ್ನ ಗಂಡ ಬೀರೇಶರಿಗೂ ಹೇಳಿಲ್ಲ. ಹೇಳಿದರೆ ಈ ‘ಥ್ಯಾಂಕ್ ಯೂ ಸರ್’ ಮೊಮ್ಮಕ್ಕಳ ಕಾಲದವರೆಗೆ ನಡೆಯುತ್ತದೆ.

೫ ನವೆಂಬರ್, ಬುಧವಾರ

ಆಡಿಯೊ ಮುಗಿಯಿತು. ಬೆಡ್‌ರೂಮಿನ ಫ್ಯಾನ್ ಆಫ್ ಮಾಡಿ, ಬಾಗಿಲು ಹಾಕಿ ರೆಕಾರ್ಡ್ ಮಾಡಿದೆ. ಪಾರ್ಸಲ್, ಕರೆಂಟ್ ಬಿಲ್, ಸಿಮ್ ಬಂದ್, ಲಾಟರಿ, ಮದುವೆ ಕಾರ್ಡಿನ ವೇಷದಲ್ಲಿ ಬರುವ ಆ್ಯಪ್ — ಎಲ್ಲಾ ಬಂತು. ಪೊಲೀಸರು ಫೋನಿನಲ್ಲಿ ಯಾರನ್ನೂ ಅರೆಸ್ಟ್ ಮಾಡುವುದಿಲ್ಲ ಅಂತ ಒತ್ತಿ ಹೇಳಿದೆ. ಕೊನೆಗೆ: “ಗೊತ್ತಿಲ್ಲದ ನಂಬರ್ ಎತ್ತಲೇಬೇಡಿ.”

ಸೋಮವಾರದ ವಿಷಯ ಹೇಳಲಿಲ್ಲ. ಹೇಳುವ ಅಗತ್ಯವೇನು? ಟೀಚರ್ ತಾನೇ ಲೆಕ್ಕ ತಪ್ಪಿದ್ದನ್ನು ಬೋರ್ಡಿನ ಮೇಲೆ ಬರೆಯುತ್ತಾಳೆಯೇ?

ಬೀರೇಶರಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದರು.

“ಹೆಂಗದ?”

“ರೇಡಿಯೊ ವಾರ್ತೆ ಕೇಳಿದಂಗ ಅದ. ಹವಾಮಾನ ಒಂದ ಬಿಟ್ಟೀ ನೋಡು.”

ಕಳಿಸಿಬಿಟ್ಟೆ. ನಾಗವೇಣಿಯಿಂದ ಕೈ ಮುಗಿದ ಚಿತ್ರ. ಆಮೇಲೆ ಗ್ರೂಪಿನ ತುಂಬ ಕೈ ಮುಗಿದ ಚಿತ್ರಗಳೇ.

೯ ನವೆಂಬರ್, ಭಾನುವಾರ. ಮಾನ್ವಿಯಿಂದ ಬಂದು

ಮೂರು ದಿನದಿಂದ ಚಿಗವ್ವ ಫೋನ್ ಎತ್ತಿರಲಿಲ್ಲ. ಯಮನಮ್ಮ ಚಿಗವ್ವ, ನಮ್ಮವ್ವನ ತಂಗಿ. ಮಾನ್ವಿ ಬಸ್ ಸ್ಟ್ಯಾಂಡ್ ಹಿಂದೆ ಒಂದು ಬಾಡಿಗೆ ಖೋಲಿಯಲ್ಲಿ ರೊಟ್ಟಿ ಮಾಡಿ ಮಾರುತ್ತಾಳೆ. ಅವಳ ಜೊತೆ ಗೋಪಮ್ಮ, ಹಣಮಮ್ಮ. ಮೂರು ಒಲೆ, ಮೂರು ಹಂಚು. ಮದುವೆ, ಮುಂಜಿವಿ, ಸಭೆ — ಆರ್ಡರ್ ಎಲ್ಲಾ ಫೋನಿನ ಮೇಲೆ. ಗಾಬರಿಯಾಗಿ ಬಸ್ ಹತ್ತಿದೆ.

ಹೋದರೆ ಒಂದೇ ಒಲೆ ಉರಿಯುತ್ತಿತ್ತು. ಚಿಗವ್ವ ಗೋಡೆಗೊರಗಿ ಕೂತಿದ್ದಳು. ಫೋನು ಜೋಳದ ಡಬ್ಬಿಯ ಮೇಲೆ ಬೋರಲು ಬಿದ್ದಿತ್ತು.

“ಯಾಕ ಚಿಗವ್ವ, ಫೋನ್ ಕೆಟ್ಟದ ಏನು?”

“ಕೆಟ್ಟಿಲ್ಲ. ನೀನ ಹೇಳೀಯಲ್ಲ ಬೇ, ಗೊತ್ತಿಲ್ಲದ ನಂಬರ್ ಎತ್ತಬ್ಯಾಡ್ರಿ ಅಂತ!”

“ನನ್ನ ನಂಬರ್ ಗೊತ್ತಿಲ್ಲೇನು?”

“ಹೆಸರು ಇಂಗ್ಲಿಷಿನ್ಯಾಗ ಬರ್ತದ. ನೀನೋ, ಕಳ್ಳನೋ, ನನಗೇನು ತಿಳೀತದ?”

ಗೋಪಮ್ಮ ನಕ್ಕಳು. ಹಣಮಮ್ಮ ನಗಲಿಲ್ಲ. “ನಗೂದಲ್ರೀ ಯಕ್ಕಾರ. ಗುರುವಾರದಿಂದ ಆರ್ಡರ್ ಇಲ್ಲ. ಫೋನ್ ಹೊಡಕೊಂಡು ಹೊಡಕೊಂಡು ಸಾಯ್ತದ, ಈಕಿ ಎತ್ತಂಗಿಲ್ಲ.”

ಅದಕ್ಕಿಂತ ದೊಡ್ಡದು ಆಮೇಲೆ ಬಂತು. ದೇವದುರ್ಗದ ಗಡಿಗೆಪ್ಪ ಎನ್ನುವವರು ಮಗಳ ನಿಶ್ಚಯಕ್ಕೆ ರೊಟ್ಟಿ ಬೇಕೆಂದು ಪಕ್ಕದ ಅಂಗಡಿಯವರ ಫೋನಿಗೆ ಮಾಡಿ ಚಿಗವ್ವನ ಜೊತೆ ಮಾತಾಡಿದ್ದಾರೆ. “ಅಡ್ವಾನ್ಸ್ ಹಾಕ್ತೀನಿ, ಅಕೌಂಟಿಂದು ಹೇಳ್ರಿ” ಅಂದಿದ್ದಾರೆ. ಅಕೌಂಟ್ ಅಂದ ಕೂಡಲೇ ಚಿಗವ್ವ ಬೈದಿದ್ದಾಳೆ. ಏನೇನು ಬೈದಳು ಅಂತ ಗೋಪಮ್ಮ ಹೇಳಿ ತೋರಿಸಿದಳು. ಇಲ್ಲಿ ಬರೆಯುವಂಥದ್ದಲ್ಲ.

“ಈಗ ಅಂವ ದೇವದುರ್ಗದ ತುಂಬ ಹೇಳಾಕತ್ಯಾನ, ಮಾನ್ವಿ ರೊಟ್ಟಿ ಯಮನಮ್ಮಗ ತಲಿ ಕೆಟ್ಟದಂತ,” ಅಂದಳು ಹಣಮಮ್ಮ.

“ಖೋಲಿ ಮಾಲಕ ಬಂದಿದ್ದ,” ಚಿಗವ್ವ ಮೆಲ್ಲಗೆ ಅಂದಳು. “ಒಲಿ ಆರಿಸಿದ್ರ ತಿಂಗಳ ಕೊನಿಗೆ ಖೋಲಿ ಬಿಡು, ಮೊಬೈಲ್ ಅಂಗಡಿಯವ್ರು ಕೇಳಾಕತ್ಯಾರ ಅಂದ.”

ಯಾರೂ ನನ್ನನ್ನು ಬೈಯಲಿಲ್ಲ. ಬಿಸಿ ರೊಟ್ಟಿ, ಶೇಂಗಾ ಚಟ್ನಿ ಹಾಕಿಕೊಟ್ಟರು. ಅದು ಇನ್ನೂ ಕಷ್ಟವಾಯಿತು.

೧೦ ನವೆಂಬರ್

ಗೊತ್ತಿಲ್ಲದ ನಂಬರೇ ಚಿಗವ್ವನ ಅಂಗಡಿಯ ಬಾಗಿಲು. ನಾನು ಅದನ್ನೇ ಮುಚ್ಚಿಸಿದೆ. ಬಾಗಿಲು ತೆರೆದೇ ಇಡಬೇಕು, ಕಳ್ಳನೂ ಒಳಗೆ ಬರಬಾರದು... ಹೇಗೆ?

ಫೋನ್ ಮಾಡಿ, ಎಲ್ಲಾ ನಂಬರೂ ಎತ್ತು, ಪಿನ್ ಮಾತ್ರ ಯಾರಿಗೂ ಹೇಳಬೇಡ ಅಂದೆ. “ಹ್ಞೂಂ” ಅಂದಳು. ಸಾಕೇ? ಸಾಲದು ಅನ್ನಿಸುತ್ತದೆ. ಏನು ಸಾಲದು ಅಂತ ತಿಳಿಯುತ್ತಿಲ್ಲ.

೧೨ ನವೆಂಬರ್, ಬುಧವಾರ. ಲಂಚ್ ಬ್ರೇಕ್

ಊಟದ ಡಬ್ಬಿ ಬಿಚ್ಚದೆ ಬರೆಯುತ್ತಿದ್ದೇನೆ. ನಗುವೂ ಬರುತ್ತಿದೆ.

ಚಿಗವ್ವನ ಫೋನ್.

“ದೇವಿಕಾ, ಮಿಲಿಟ್ರಿಯವ್ರು ಫೋನ್ ಮಾಡಿದ್ರು. ಕ್ಯಾಂಪಿಗೆ ರೊಟ್ಟಿ ಬೇಕಂತ. ಐನೂರು!”

ಈ ಮೋಸ ನನ್ನ ಆಡಿಯೊದಲ್ಲಿ ಇರಲೇ ಇಲ್ಲ. ದೊಡ್ಡ ಆರ್ಡರ್ ಕೊಡುವುದು, ಅಡ್ವಾನ್ಸ್ ಕಳಿಸುತ್ತೇನೆ ಅಂತ ಒಂದು ಕ್ಯೂಆರ್ ಕೋಡ್ ಕಳಿಸುವುದು, ‘ದುಡ್ಡು ಬರಬೇಕಾದರೆ ಪಿನ್ ಹಾಕಿ’ ಅನ್ನುವುದು. ಪಿನ್ ಹಾಕಿದರೆ ದುಡ್ಡು ಬರುವುದಿಲ್ಲ, ಹೋಗುತ್ತದೆ.

“ಚಿಗವ್ವ, ಪಿನ್ ಹಾಕಿದಿ ಏನು?”

“ತಡಿ ಬೇ, ಹೇಳ್ತೀನಿ. ಅಂವ ಕಳ್ಳ ಅಂತ ನನಗ ಆಗ್ಲೇ ಗೊತ್ತಾತು.”

“ಹೆಂಗ?”

“ರೇಟ್ ಕೇಳಲಿಲ್ಲ! ಖಡಕ್ ಬೇಕೋ, ಮೆತ್ತಂದು ಬೇಕೋ, ಎಳ್ಳು ಹಚ್ಚೂದೋ ಬ್ಯಾಡೋ, ಒಂದೂ ಇಲ್ಲ. ಐನೂರು ರೊಟ್ಟಿ ತಗೊಳ್ಳಾಂವ ರೇಟ್ ಕೇಳಂಗಿಲ್ಲೇನು?”

“ಮತ್ತ ಅಲ್ಲೇ ಇಡಬೇಕಿತ್ತಲ್ಲ?”

ದನಿ ತಗ್ಗಿಸಿದಳು.

“ಇಡ್ಲೇನ್ರಿ ಅಂದೆ. ಅಂವ ಬ್ಯಾಡ ಅಂದ. ಪಾಪ, ಮೇಡಂ, ಮೇಡಂ ಅಂತ ಮಾತಾಡಾಕತ್ತಾನ, ಮಾರಿ ಮ್ಯಾಲ ಹೆಂಗ ಇಡೂದು? ಅದನ್ನ ಒತ್ತು ಅಂದ, ಒತ್ತಿದೆ. ಇದನ್ನ ತೆಗಿ ಅಂದ, ತೆಗೆದೆ. ಪಿನ್ ಹಾಕೋ ಜಾಗ ಬಂತು. ಎರಡು ನಂಬರ್ ಹಾಕೇನಿ ನೋಡು, ಹಣಮಿ ಚೀರಿದ್ಲು, ಯಕ್ಕಾ ರೊಟ್ಟಿ ಸೀದ್ವು ಅಂತ. ‘ಒಲಿ ಮ್ಯಾಲ ರೊಟ್ಟಿ ಅದ, ಇಡ್ತೀನಿ’ ಅಂತ ಫೋನ್ ಒಗದು ಓಡಿದೆ.”

ಖೋಲಿಯ ಬಾಡಿಗೆ, ಜೋಳದ ದುಡ್ಡು, ಮೂವರ ಗಳಿಕೆ — ಎಲ್ಲಾ ಅದೇ ಅಕೌಂಟಿನಲ್ಲಿದೆ. ಸೀದ ರೊಟ್ಟಿ ಉಳಿಸಿತು.

“ಆಮ್ಯಾಲ?”

“ಆಮ್ಯಾಲ ಅಂವ ಮತ್ತ ಮಾಡಿದ. ಎತ್ತಲಿಲ್ಲ. ಒಮ್ಮೆ ಇಟ್ಟ ಮ್ಯಾಲ ನಾಚಿಕಿ ಹೋತು ನೋಡು.”

೧೨ ನವೆಂಬರ್, ರಾತ್ರಿ ಊಟ ಆದ ಮೇಲೆ

ಈಗ ತಿಳಿಯಿತು. ಚಿಗವ್ವ ಹಳ್ಳಿಯಲ್ಲಿ ಬೆಳೆದವಳು, ನಾನು ಕಾನ್ವೆಂಟಿನಲ್ಲಿ. ಅವಳು ‘ಇಡ್ಲೇನ್ರಿ’ ಅಂದಳು, ನಾನು ‘ಮೇ ಐ’ ಅಂದೆ. ಇಬ್ಬರೂ ಕಳ್ಳನ ಅಪ್ಪಣೆ ಕೇಳಿದೆವು.

ನಮ್ಮ ಕಡೆ ಫೋನ್ ಇಡುವುದು ಒಂದು ಶಾಸ್ತ್ರ. “ಇಡ್ಲೇನ್ರಿ?” “ಹ್ಞೂಂ, ಇಡ್ರಿ.” “ಮತ್ತ ಇಡ್ತೀನ್ರಿ?” “ಇಡ್ರಿ ಇಡ್ರಿ.” ಅಷ್ಟಾದರೆ ಮಾತು ಮುಗಿಯಿತು. ಹೇಳದೆ ಕಟ್ ಮಾಡಿದರೆ ಸೊಕ್ಕು. ನಾನು ಕಳಿಸಿದ್ದು ಗುರುತಿಸುವ ಪಾಠ. ಗುರುತಿಸುವುದು ಇವರಿಗೆ ನನಗಿಂತ ಬೇಗ ಬರಬಹುದು, ನನ್ನಷ್ಟೇ ಬರಬಹುದು. ಬರದೇ ಇರುವುದು ಇಡುವುದು. ನನಗೂ.

ಬೀರೇಶರಿಗೆ ಸೋಮವಾರದ ಕಥೆ ಹೇಳಿದೆ. ಅನ್ನ ಬಡಿಸಿದೆ. “ಥ್ಯಾಂಕ್ ಯೂ ಸರ್” ಅಂದರು. ಶುರುವಾಯಿತು.

೧೬ ನವೆಂಬರ್, ಭಾನುವಾರ. ದೇವದುರ್ಗ

ನಾಗವೇಣಿಯ ಮನೆಯ ಪಡಸಾಲೆ. ಇಪ್ಪತ್ತು ಮಂದಿ ಇದ್ದರೇನೋ. ಚಿಗವ್ವನನ್ನೂ ಕರೆದುಕೊಂಡು ಹೋಗಿದ್ದೆ. ಅವಳ ಕೈಯಲ್ಲಿ ಬಟ್ಟೆ ಸುತ್ತಿದ ರೊಟ್ಟಿ ಬುಟ್ಟಿ. ಆಮೇಲೆ ಗಡಿಗೆಪ್ಪನವರ ಮನೆಗೆ ಹೋಗುವುದಿತ್ತು.

ನನ್ನ ಸೋಮವಾರದ ಕಥೆ ಹೇಳಿದೆ. ‘ಥ್ಯಾಂಕ್ ಯೂ ಸರ್’ ತನಕ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಲಸ ಕೆಟ್ಟಿತು ಅಂದುಕೊಂಡೆ. ಹಿಂದಿನಿಂದ ಒಬ್ಬ ಮುದುಕಿ: “ಅಷ್ಟರ ಮ್ಯಾಲ ಅಂವಗ ಊಟ ಆತೇನು ಅಂತ ಕೇಳಲಿಲ್ಲೇನವ್ವಾ?”

ಪಡಸಾಲೆ ಹಾರಿಹೋಗುವಂತೆ ನಕ್ಕರು. ಆಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ಒಬ್ಬಳು ಲೋನ್ ಕೊಡುವವನಿಗೆ ತನ್ನ ಮೊಣಕಾಲು ನೋವು ಹೇಳಿಕೊಂಡಿದ್ದಳು. ಇನ್ನೊಬ್ಬಳು ಲಾಟರಿಯವನನ್ನು ದೀಪಾವಳಿಗೆ ಕರೆದಿದ್ದಳು.

ನಾಟಕ ಮಾಡಿದೆವು. ನಾನೇ ಕಳ್ಳಿ. ಅವರು ಮಾತು ಮುರಿದು ಫೋನ್ ಇಡಬೇಕು. ಮೊದಲ ಮೂವರೂ “ಇಡ್ಲೇನ್ರಿ?” ಅಂದರು. ನಾನು “ಬ್ಯಾಡ್ರಿ” ಅಂದೆ. “ಆತ್ರಿ” ಅಂತ ಕೂತರು! ಚಿಗವ್ವ ಎದ್ದಳು.

“ಹಂಗಲ್ಲ. ಕೇಳಬ್ಯಾಡ್ರಿ, ಹೇಳ್ರಿ. ಒಲಿ ಮ್ಯಾಲ ರೊಟ್ಟಿ ಅದ, ಇಡ್ತೀನಿ. ಹಂಗಂದ್ರ ಯಾರಿಗೂ ಸಿಟ್ಟು ಬರಂಗಿಲ್ಲ. ಕಳ್ಳಗೂ ಬರಂಗಿಲ್ಲ.”

“ನಮ್ಮನ್ಯಾಗ ರೊಟ್ಟಿ ಮುಂಜಾನಿ ಅಷ್ಟ ಯಕ್ಕಾ.”

“ಹಾಲು ಉಕ್ಕಾಕತ್ತದ ಅನ್ನು.”

“ಎಮ್ಮಿ ಹಗ್ಗ ಹರಕೊಂಡದ!”

“ನನಗ ಎಮ್ಮಿ ಎಲ್ಲಿದು?”

“ಅಂವಗೇನು ಗೊತ್ತು, ಅಂವೇನು ಸಗಣಿ ಬಳ್ಯಾಕ ಬರ್ತಾನ?”

ಖರೇ ಫೋನ್ ಇದ್ದರೆ? ನಾಗವೇಣಿ ಕೇಳಿದಳು. ಇಟ್ಟ ಮೇಲೆ ನಾವೇ ತಿರುಗಿ ಮಾಡುವುದು — ಬ್ಯಾಂಕಾದರೆ ಪಾಸ್‌ಬುಕ್ಕಿನ ಮೇಲಿನ ನಂಬರಿಗೆ, ನೆಂಟರಾದರೆ ಮೊದಲಿಂದ ಇರುವ ನಂಬರಿಗೆ. ದುಡ್ಡು ಹೋಗಿಯೇ ಬಿಟ್ಟರೆ ತಡಮಾಡದೆ ಸೈಬರ್ ಮೋಸದ ಸಹಾಯವಾಣಿ ೧೯೩೦ಕ್ಕೆ ಮಾಡುವುದು. ಇಷ್ಟು ನಾನು ಹೇಳಿದೆ. ಈ ಸಲ ರೇಡಿಯೊದಂತೆ ಹೇಳಲಿಲ್ಲ ಅಂದುಕೊಂಡಿದ್ದೇನೆ.

ಆಮೇಲೆ ಗಡಿಗೆಪ್ಪನವರ ಮನೆ. ಕಟ್ಟೆಯ ಮೇಲೆ ಕೂತಿದ್ದರು. ಎದ್ದೇಳಲಿಲ್ಲ.

“ನಾ ಕಳ್ಳ ಏನವ್ವಾ?”

“ತಪ್ಪಾತು ಯಪ್ಪಾ. ಬೈದದ್ದು ನಿಮಗಲ್ಲ, ಫೋನಿಗೆ.”

“ಫೋನಿಗೆ ತಾಯಿ ಇರ್ತಾಳೇನು? ನಮ್ಮವ್ವನ ತನಕ ಹೋಗಿದ್ದಿ!”

ಚಿಗವ್ವ ಬುಟ್ಟಿ ಬಿಚ್ಚಿದಳು. ಅವರು ಒಂದು ರೊಟ್ಟಿ ತೆಗೆದು ಬೆಳಕಿಗೆ ಹಿಡಿದರು. ಮುರಿದರು. ಶಬ್ದ ಕೇಳಿದರು. ತಿಂದರು. ನಾವು ನಿಂತೇ ಇದ್ದೆವು. ತಿಂಗಳ ಕೊನೆಯ ಖೋಲಿ ನನ್ನ ಕಣ್ಣ ಮುಂದೆ.

“ರೇಟ್ ಎಷ್ಟು?”

ಚಿಗವ್ವ ಹೇಳಿದಳು.

“ಏ, ಭಾಳಾತು. ರಾಯಚೂರಾಗ ಕಡಿಮಿಗೆ ಕೊಡ್ತಾರ.”

ಚಿಗವ್ವನ ಮುಖ ಅರಳಿದ್ದನ್ನು ನೋಡಬೇಕಿತ್ತು. ನನ್ನ ತೋಳು ಹಿಡಿದು ಹಿಂಡಿದಳು. “ಚೌಕಾಶಿ ಮಾಡಾಕತ್ಯಾನ ಬೇ! ಖರೇ ಗಿರಾಕಿ!”

ಎಳ್ಳಿನ ಬಗ್ಗೆ ಜಗಳವಾಡಿದರು. ಚಟ್ನಿ ಯಾರದು ಅಂತ ಜಗಳವಾಡಿದರು. ಬಸ್ ತಪ್ಪಿತು. ಆರ್ಡರ್ ಸಿಕ್ಕಿತು. ನಿಶ್ಚಯ ಮುಂದಿನ ಭಾನುವಾರ. ಅಡ್ವಾನ್ಸ್ ಕೈಗೇ ಕೊಟ್ಟರು — “ಅಕೌಂಟ್ ಅಂದ್ರ ಮತ್ತ ಬೈತಿ.”

೧೯ ನವೆಂಬರ್, ಬುಧವಾರ

ಹೊಸ ಆಡಿಯೊ ರೆಡಿ. ಫ್ಯಾನ್ ಆಫ್ ಮಾಡಲಿಲ್ಲ. ಗ್ರೂಪಿನಲ್ಲಿ ನನ್ನ ಕ್ಲಾಸಿನ ಮಕ್ಕಳ ತಾಯಂದಿರಿದ್ದಾರೆ, ಪ್ರಿನ್ಸಿಪಾಲರ ಹೆಂಡತಿಯೂ ಇದ್ದಾರೆ. ಸೋಮವಾರದ ಭಾಗ ಒಮ್ಮೆ ತೆಗೆದೆ. ತೆಗೆದು ಕೇಳಿದೆ. ಮತ್ತೆ ವಾರ್ತೆಯಾಗಿತ್ತು. ವಾಪಸ್ ಹಾಕಿದೆ. ಇರಲಿ.

ಇವತ್ತೇ ಪೋಸ್ಟ್ ಮಾಡುವವಳಿದ್ದೆ. ಚಿಗವ್ವನಿಗೆ ಹೇಳೋಣವೆಂದು ಫೋನ್ ಮಾಡಿದೆ. ಹಿಂದೆ ಮೂರೂ ಹಂಚಿನ ಸಪ್ಪಳ.

“ಏ, ಈಗ ಹಾಕಬ್ಯಾಡ ಬೇ! ಜ್ವಾಳದವ್ರಿಗೆ, ಟೆಂಪೋದವ್ರಿಗೆ, ಇನ್ನಿಬ್ರು ರೊಟ್ಟಿ ಬಡಿಯೋರಿಗೆ ನಾನ ಫೋನ್ ಹಚ್ಚಾಕತ್ತೀನಿ. ಎಲ್ಲಾರೂ ನಿನ್ನ ಮಾತು ಕೇಳಿ ‘ಹಾಲು ಉಕ್ಕಾಕತ್ತದ’ ಅಂತ ನನ್ನ ಮಾರಿ ಮ್ಯಾಲ ಇಟ್ರ ಏನು ಮಾಡ್ಲಿ? ಗಡಿಗೆಪ್ಪನ ಮನ್ಯಾಗ ಊಟ ಆಗ್ಲಿ, ಆಮ್ಯಾಲ ಹಾಕು.”

ಖೋಲಿ ಏನಾಯಿತು ಅಂತ ಕೇಳುವವಳಿದ್ದೆ. ಆಗಲೇ ಇಟ್ಟಿದ್ದಳು. ‘ಇಡ್ಲೇನು’ ಅಂತ ಕೇಳಲೂ ಇಲ್ಲ, ‘ಇಡ್ತೀನಿ’ ಅಂತ ಹೇಳಲೂ ಇಲ್ಲ.

ಸರಿ. ನಿಶ್ಚಯ ಭಾನುವಾರ. ಪೋಸ್ಟ್ ಮಾಡುವುದು — ಸೋಮವಾರ, ೨೪ ನವೆಂಬರ್.